ಪೇಪರ್ ಸುತ್ತದ ಪೊಟ್ಟಣ

ಔಷಧದ ಅಂಗಡಿಯ ಕೌಂಟರಿನ ಹಿಂದೆ 19 ವರ್ಷ ನಿಂತವನಿಗೆ, ಹದಿಹರೆಯದ ಮಗಳಿರುವ ಅಪ್ಪನನ್ನು ದೂರದಿಂದಲೇ ಗುರುತಿಸುವುದು ಕಷ್ಟವಲ್ಲ. ಅವರು ನೇರವಾಗಿ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಮೊದಲು ಪಕ್ಕದ ಬೇಕರಿಯ ಮುಂದೆ ನಿಂತು ಮೊಬೈಲ್ ನೋಡುತ್ತಿರುತ್ತಾರೆ. ನನ್ನ ಮುಂದಿದ್ದ ಗಿರಾಕಿಗಳೆಲ್ಲ ಹೋದರೆಂದು ಖಾತ್ರಿಯಾದ ಮೇಲೆ ಒಳಗೆ ಬಂದು, ಬೇಡದಿದ್ದರೂ ನೆಗಡಿ ಮಾತ್ರೆಯ ಒಂದು ಸ್ಟ್ರಿಪ್ಪನ್ನೋ ತಲೆನೋವಿನ ಮುಲಾಮಿನ ಸಣ್ಣ ಡಬ್ಬಿಯನ್ನೋ ಕೇಳಿ, ದುಡ್ಡು ಕೊಡುವ ಹೊತ್ತಿಗೆ ಏನೋ ನೆನಪಾದವರಂತೆ ಮೊಬೈಲಿನ ಪರದೆಯನ್ನು ನನ್ನ ಕಡೆ ತಿರುಗಿಸುತ್ತಾರೆ. ಅಲ್ಲಿ ಸ್ಯಾನಿಟರಿ ಪ್ಯಾಡಿನ ಪೊಟ್ಟಣದ ಫೋಟೋ, ಅದರ ಕೆಳಗೆ ಮಗಳ ಸಂದೇಶ: "ಇದೇ ಬೇಕು. ಬೇರೆ ತರಬೇಡ."

ತಿಪಟೂರು ಕೊಬ್ಬರಿಯ ಊರು. ಹರಾಜಿನ ದಿನ ಸುತ್ತಲ ಹಳ್ಳಿಗಳಿಂದ ಬಂದ ರೈತರು ಮಾರುಕಟ್ಟೆಯ ಕೆಲಸ ಮುಗಿಸಿ ಹಿಂದಿರುಗುವಾಗ ಮನೆಗೆ ಬೇಕಾದ ಔಷಧಿಗಳನ್ನೂ ಕೊಂಡೊಯ್ಯುತ್ತಾರೆ. ಹಾಗೆ ಬಂದ ಒಬ್ಬ ಯಜಮಾನರು ಒಮ್ಮೆ ನಾನು ಕೊಟ್ಟ ಪೊಟ್ಟಣದ ಮೇಲಿನ ‘ಎಕ್ಸ್ ಎಲ್’ ಎಂಬ ಅಕ್ಷರಗಳನ್ನು ಓದಿ, ಗಾಬರಿಯಿಂದ ಅದನ್ನು ನನ್ನತ್ತ ಹಿಂದಕ್ಕೆ ತಳ್ಳಿದರು. "ನನ್ನ ಮಗಳು ಬಹಳ ಸಣ್ಣ ಸಾರ್, ಕಡ್ಡಿ ಥರ ಇದಾಳೆ. ಇದು ದೊಡ್ಡದಾಗುತ್ತೆ" ಎಂದರು. ಅಂಗಿಯ ಅಳತೆಯಂತೆ ಇದು ಮೈಯ ಅಳತೆಯಲ್ಲ, ಪ್ಯಾಡಿನ ಉದ್ದ, ಸ್ರಾವ ಎಷ್ಟಿದೆ, ಹಗಲಿಗೋ ರಾತ್ರಿಗೋ ಎಂಬುದರ ಮೇಲೆ 240 ಮಿಲಿಮೀಟರಿನದು, 280ರದು, 320ರದು ಎಂದು ಆರಿಸಿಕೊಳ್ಳುತ್ತಾರೆ ಎಂದು ನಾನು ವಿವರಿಸಿದೆ. ತೆಂಗಿನ ಬುಡಕ್ಕೆ ಎಷ್ಟು ಗೊಬ್ಬರ ಹಾಕಬೇಕೆಂದು ಕೇಳಿಸಿಕೊಳ್ಳುವಷ್ಟೇ ಗಮನವಿಟ್ಟು ಅವರು ಕೇಳಿದರು. ಕೊನೆಗೆ, "ಹಂಗಾದ್ರೆ ಹಗಲಿಗೊಂದು, ರಾತ್ರಿಗೊಂದು ಎರಡೂ ಕೊಡಿ. ಅವಳಿಗೆ ಯಾವುದಕ್ಕೂ ಕಮ್ಮಿ ಆಗಬಾರದು" ಎಂದರು. ಇವತ್ತಿಗೂ ಅವರ ನೆನಪಾದರೆ ನನಗೆ ನಗು ಬರುತ್ತದೆ, ಆ ನಗುವಿನ ಜೊತೆಗೇ ಗೌರವವೂ ಮೂಡುತ್ತದೆ.

ಅಂಥ ಎಷ್ಟೋ ಅಪ್ಪಂದಿರಿಗೆ ಪೊಟ್ಟಣ ಕಟ್ಟಿಕೊಟ್ಟ ನನಗೆ ನನ್ನ ಮಗಳ ಸರದಿ ಬಂದದ್ದು ಅವಳು ಎಂಟನೆಯ ತರಗತಿಯಲ್ಲಿದ್ದಾಗ. ನನ್ನ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರಿಂದ ಹೆಂಡತಿ ಚಿಕ್ಕಮಗಳೂರಿನ ತವರಿಗೆ ಹೋಗಿದ್ದಳು. ಒಂದು ಮಧ್ಯಾಹ್ನ ಅವಳಿಂದ ಅಂಗಡಿಗೆ ಫೋನು ಬಂತು. "ಅಂಗಡಿಯಿಂದ ಒಂದು ಪ್ಯಾಕೆಟ್ ತಗೊಂಡು ಈಗಲೇ ಮನೆಗೆ ಹೋಗಿ. ನೀವು ಏನೂ ಕೇಳಬೇಡಿ, ಅವಳು ನನಗೆ ಎಲ್ಲ ಹೇಳಿದಾಳೆ" ಎಂದಳು. ನಾನು ಕಪಾಟಿನಿಂದ ಪೊಟ್ಟಣ ತೆಗೆದೆ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಕೌಂಟರಿನ ಕೆಳಗಿನ ಖಾನೆಯಿಂದ ಪತ್ರಿಕೆಯ ಕಾಲು ಹಾಳೆಯೊಂದನ್ನು ಎಳೆದು, ಪೊಟ್ಟಣವನ್ನು ಸುತ್ತಿ, ಮೂಲೆ ಮಡಚಿ, ಕಪ್ಪು ಕವರಿಗೆ ಹಾಕಿ, ಕವರಿನ ಬಾಯಿ ಗಂಟು ಕಟ್ಟಿಕೊಂಡು ನಾನು ಮನೆಗೆ ಹೋದೆ.

ಮಗಳು ಗಂಟು ಬಿಚ್ಚಿದಳು, ಕಾಗದ ಬಿಡಿಸಿದಳು. ಆಮೇಲೆ ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: "ಅಪ್ಪ, ಗ್ಲೂಕೋಸ್ ಡಬ್ಬಿನ ನೀನು ಸುತ್ತಲ್ಲ. ಇನ್ಸುಲಿನ್ನೂ ಸುತ್ತಲ್ಲ. ಇದನ್ನ ಮಾತ್ರ ಯಾಕೆ ಸುತ್ತೋದು?"

ನಾನು ಕೆಲಸ ಕಲಿತ ಅಂಗಡಿಯಲ್ಲಿ ಶನಿವಾರ ರಾತ್ರಿ ಷಟರ್ ಎಳೆದ ಮೇಲೆ ಹಳೆಯ ಪತ್ರಿಕೆಗಳನ್ನು ನಾಲ್ಕಾಗಿ ಕತ್ತರಿಸಿ ವಾರಕ್ಕಾಗುವಷ್ಟು ಜೋಡಿಸಿಡುವುದು ಹುಡುಗರ ಕೆಲಸವಾಗಿತ್ತು. ಯಾಕೆಂದು ನಾವು ಕೇಳಿರಲಿಲ್ಲ, ಮಾಲೀಕರೂ ಹೇಳಿರಲಿಲ್ಲ. 2018ರ ಜುಲೈ ತಿಂಗಳಲ್ಲಿ ಪ್ಯಾಡುಗಳ ಮೇಲಿದ್ದ ಶೇಕಡಾ 12ರ ಜಿಎಸ್‌ಟಿಯನ್ನು ತೆಗೆದುಹಾಕಿದಾಗ ಅದು ಪತ್ರಿಕೆಗಳಲ್ಲೆಲ್ಲ ದೊಡ್ಡ ಸುದ್ದಿಯಾಯಿತು. ಕೆಲವು ದಿನಗಳ ಬಳಿಕ ಅದೇ ಪತ್ರಿಕೆಗಳನ್ನು ಕತ್ತರಿಸಿ ನಾವು ಪ್ಯಾಡ್ ಸುತ್ತಿಕೊಟ್ಟೆವು. ಸರ್ಕಾರಿ ಶಾಲೆಗಳಲ್ಲಿ ‘ಶುಚಿ’ ಯೋಜನೆಯಡಿ ಹೆಣ್ಣುಮಕ್ಕಳಿಗೆ ಉಚಿತವಾಗಿ ಪ್ಯಾಡ್ ಹಂಚಲು ಶುರುವಾದದ್ದೂ, ಜನೌಷಧಿ ಕೇಂದ್ರಗಳಲ್ಲಿ ‘ಸುವಿಧಾ’ ಪ್ಯಾಡಿನ ಬೆಲೆ 2019ರಲ್ಲಿ ಒಂದಕ್ಕೆ 1 ರೂಪಾಯಿಗೆ ಇಳಿದದ್ದೂ ನನಗೆ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದವನಲ್ಲಿ ಹದಿಮೂರು ವರ್ಷದ ಹುಡುಗಿಯ ಒಂದು ನೇರ ಪ್ರಶ್ನೆಗೆ ಉತ್ತರವಿರಲಿಲ್ಲ. "ಮೊದಲಿಂದ ಹಾಗೇ ಬಂದಿದೆ ಪುಟ್ಟಿ" ಎಂದೆ. ಆ ಉತ್ತರ ಅವಳಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ.

ಆ ಸಂಜೆಯೇ ಊರಿನಿಂದ ನನ್ನ ಅವ್ವ ಬಂದಿಳಿದರು. ಅವ್ವನಿಗೆ ಮೊಮ್ಮಗಳು ದೊಡ್ಡವಳಾದ ಸಂತೋಷ ಹಿಡಿಸಲಾರದಷ್ಟಿತ್ತು. ಒಳ್ಳೆಯ ದಿನ ನೋಡಿ, ಬೀದಿಯ ಮುತ್ತೈದೆಯರನ್ನು ಕರೆದು, ಹಸೆಯ ಮೇಲೆ ಕೂರಿಸಿ ಆರತಿ ಎತ್ತಬೇಕು, ನೆಂಟರಿಗೆಲ್ಲ ಹೇಳಿಕಳಿಸಬೇಕು ಎಂದು ಚಾಪೆಯ ಮೇಲೆ ಕುಳಿತಲ್ಲೇ ಪಟ್ಟಿ ಮಾಡತೊಡಗಿದರು. ಮಗಳು ಕೋಣೆಯ ಬಾಗಿಲಿನಲ್ಲಿ ನಿಂತು, "ಅಜ್ಜಿ, ಇದು ನಂಗೆ ಆಗಿರೋದು. ಊರಿಗೆಲ್ಲ ಯಾಕೆ ಹೇಳಬೇಕು?" ಎಂದಳು. ಅವ್ವ ನನ್ನ ಮುಖ ನೋಡಿದರು, ಮಗಳೂ ನೋಡಿದಳು. ಆ ಕ್ಷಣದಲ್ಲಿ ನನಗೆ ಒಂದು ವಿಷಯ ನಿಚ್ಚಳವಾಗಿ ಹೊಳೆಯಿತು. ಮಧ್ಯಾಹ್ನ ನಾನು ಯಾರಿಗೂ ಕಾಣಬಾರದೆಂದು ಪೇಪರ್ ಸುತ್ತಿ ತಂದಿದ್ದೆ. ಸಂಜೆ ಅವ್ವ ಎಲ್ಲರಿಗೂ ತಿಳಿಯಲೆಂದು ಹಸೆ ಹಾಕಲು ಹೊರಟಿದ್ದರು. ಮುಚ್ಚಿಡುವ ತೀರ್ಮಾನ ನನ್ನದು, ಸಾರುವ ತೀರ್ಮಾನ ಅವ್ವನದು. ನಿನಗೆ ಏನು ಬೇಕು ಎಂದು ಅವಳನ್ನು ನಾವಿಬ್ಬರೂ ಕೇಳಿರಲಿಲ್ಲ.

ಆಗ ಕೇಳಿದೆ. ಆರತಿ ಬೇಡ, ಕೊಬ್ಬರಿ ಬೆಲ್ಲ ಬೇಕು ಎಂದಳು. ಅವ್ವನ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಅವರೇ ಎದ್ದು ಅಡುಗೆಮನೆಗೆ ಹೋಗಿ ಕೊಬ್ಬರಿ ತುರಿದು, ಎಳ್ಳು ಹುರಿದು, ಬೆಲ್ಲ ಕುಟ್ಟಿ ಚಿಗಳಿ ಉಂಡೆ ಕಟ್ಟಿದರು. ಅಜ್ಜಿ ಮೊಮ್ಮಗಳು ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕುಳಿತು, ಅವ್ವನ ಕಾಲದಲ್ಲಿ ಈ ದಿನಗಳನ್ನು ಹೇಗೆ ಕಳೆಯುತ್ತಿದ್ದರು, ಎಲ್ಲಿ ಮಲಗಿಸುತ್ತಿದ್ದರು, ಹಳೆಯ ಸೀರೆಯ ಬಟ್ಟೆಯನ್ನು ಯಾವ ಮರೆಯಲ್ಲಿ ಒಣಗಿಸುತ್ತಿದ್ದರು ಎಂದು ಬಹಳ ಹೊತ್ತು ಮಾತಾಡಿದರು. ನನಗೆ ಹೊರಗೆ ಕೇಳಿಸುತ್ತಿತ್ತು. ನನ್ನ ಅವ್ವ ಇವುಗಳನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಆವರೆಗೆ ಕೇಳಿಯೇ ಇರಲಿಲ್ಲ.

ಹೆಂಡತಿ ತವರಿನಲ್ಲಿದ್ದ ಆ ಮೂರು ತಿಂಗಳ ನಿಜವಾದ ಪರೀಕ್ಷೆ ಜಡೆಯದು. ಮಗಳ ಶಾಲೆಯಲ್ಲಿ ಎರಡು ಜಡೆ ಹಾಕಿ ಮಡಚಿ ಟೇಪು ಕಟ್ಟಿಕೊಂಡು ಬರಬೇಕೆಂಬುದು ನಿಯಮ. ತನ್ನ ತಲೆಯ ಹಿಂಭಾಗದ ಬೈತಲೆಯನ್ನು ನೆಟ್ಟಗೆ ತೆಗೆದುಕೊಳ್ಳುವುದು ಅವಳಿಗೆ ಬರುತ್ತಿರಲಿಲ್ಲ. ಮೊದಲ ದಿನ ನಾನು ಹೆಣೆದ ಜಡೆ ಪ್ರಾರ್ಥನೆ ಮುಗಿಯುವ ಮೊದಲೇ ಬಿಚ್ಚಿಹೋಯಿತಂತೆ. ಎರಡನೆಯ ದಿನ ಎಡಗಡೆಯದು ಕಿವಿಯ ಮೇಲೆ, ಬಲಗಡೆಯದು ಕತ್ತಿನ ಹತ್ತಿರ ಶುರುವಾಗಿತ್ತು. ಮಗಳು ಕನ್ನಡಿಯಲ್ಲಿ ನೋಡಿಕೊಂಡು, ಅಳುವುದೋ ನಗುವುದೋ ತಿಳಿಯದೆ, ಕೊನೆಗೆ ನಕ್ಕಳು. ಮೂರನೆಯ ದಿನ ಹೆಂಡತಿ ವಿಡಿಯೋ ಕರೆಯಲ್ಲಿ ಕುಳಿತು ಹೇಳಿಕೊಟ್ಟಳು. ಮೊದಲು ತುದಿಯಿಂದ ಸಿಕ್ಕು ಬಿಡಿಸಿ, ಆಮೇಲೆ ಬುಡಕ್ಕೆ ಬನ್ನಿ. ಬಾಚಣಿಗೆಯ ಮೂಲೆಯ ಹಲ್ಲಿನಿಂದ ನಡುನೆತ್ತಿಯಿಂದ ಕತ್ತಿನವರೆಗೆ ಒಂದೇ ಗೆರೆ ಎಳೆಯಿರಿ. ಮೂರು ಕಾಲು ಮಾಡಿಕೊಂಡು, ಪ್ರತಿ ಸಲ ಹೆಣೆದಾಗಲೂ ಸ್ವಲ್ಪ ಬಿಗಿ ಎಳೆಯಿರಿ, ಆದರೆ ಅವಳು ‘ಆಹ್’ ಎನ್ನುವಷ್ಟು ಬೇಡ. ಟೇಪನ್ನು ಕೊನೆಯಲ್ಲಿ ಕಟ್ಟುವುದಲ್ಲ, ಅರ್ಧ ಹೆಣೆದ ಮೇಲೆ ಒಂದು ಕಾಲಿನ ಜೊತೆ ಸೇರಿಸಿಕೊಂಡು ಹೆಣೆಯಬೇಕು. ಈ ಕೊನೆಯ ಮಾತೇ ಗುಟ್ಟು. ಅದು ಗೊತ್ತಾದ ಮೇಲೆ ಜಡೆ ಸಂಜೆಯವರೆಗೂ ನಿಂತಿತು.

ಜಡೆಯ ಬಗ್ಗೆ ಇಷ್ಟು ಬರೆಯುವುದಕ್ಕೆ ಕಾರಣವಿದೆ. ಹೆಣ್ಣುಮಗಳು ಹತ್ತು ಹನ್ನೊಂದು ವರ್ಷ ದಾಟುತ್ತಿದ್ದಂತೆ ನಮ್ಮ ಕಡೆಯ ಅಪ್ಪಂದಿರು ಅವಳ ತಲೆ ಸವರುವುದನ್ನೂ ನಿಲ್ಲಿಸಿಬಿಡುತ್ತಾರೆ. ಯಾರೂ ಹೇಳಿಕೊಟ್ಟಿರುವುದಿಲ್ಲ, ತಾನಾಗಿ ನಿಂತುಹೋಗುತ್ತದೆ. ಅದರ ಜೊತೆಗೆ ಮಾತೂ ಕಡಿಮೆಯಾಗುತ್ತದೆ. ಸಂಜೆ ಮನೆಗೆ ಬಂದು "ಏನಾಯ್ತು ಇವತ್ತು?" ಎಂದು ಎದುರು ಕುಳಿತು ಕೇಳಿದರೆ, "ಏನಿಲ್ಲ" ಎಂಬ ಒಂದೇ ಉತ್ತರ. ನಾನೂ ಅದನ್ನು ತಿಂಗಳುಗಟ್ಟಲೆ ಕೇಳಿದ್ದೆ. ಆದರೆ ಬೆಳಗ್ಗೆ ಏಳೂವರೆಗೆ ಅವಳು ನನಗೆ ಬೆನ್ನು ಹಾಕಿ ಮಣೆಯ ಮೇಲೆ ಕುಳಿತು, ನನ್ನ ಎರಡೂ ಕೈಗಳು ಅವಳ ಕೂದಲಿನಲ್ಲಿ ಸಿಕ್ಕಿಕೊಂಡಿರುವಾಗ, ಕೇಳದಿದ್ದರೂ ಮಾತು ಬರುತ್ತಿತ್ತು. ಯಾವ ಗೆಳತಿ ಯಾರ ಜೊತೆ ಮಾತು ಬಿಟ್ಟಳು, ಗಣಿತದ ಕಿರುಪರೀಕ್ಷೆಯಲ್ಲಿ ತಾನು ಕಡಿಮೆ ಅಂಕ ತೆಗೆದದ್ದು, ಬಸ್ಸಿನಲ್ಲಿ ಒಬ್ಬ ದಿನವೂ ಒತ್ತಿಕೊಂಡು ನಿಲ್ಲುತ್ತಾನೆಂದು ತಾವು ಮೂವರು ಗೆಳತಿಯರು ಮುಂದಿನ ಬಾಗಿಲಿನಿಂದಲೇ ಹತ್ತಲು ಶುರುಮಾಡಿದ್ದು. ಈ ಕೊನೆಯ ಮಾತು ಕೇಳಿದಾಗ ನನ್ನ ಕೈ ನಿಂತುಹೋಯಿತು. "ಅಪ್ಪ, ಹೆಣಿ" ಎಂದಳು. ಹೆಣೆದೆ. ಮುಖ ಕಾಣುವಂತೆ ಕುಳಿತಿದ್ದರೆ ನನ್ನ ಮುಖದ ಬಣ್ಣ ನೋಡಿ ಅವಳು ಆ ಮಾತನ್ನು ಅಲ್ಲಿಗೇ ನುಂಗಿಬಿಡುತ್ತಿದ್ದಳು ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಮರುದಿನ ನಾನೂ ಅದೇ ಬಸ್ಸಿಗೆ ಹೋದೆ. ಶಕ್ತಿ ಯೋಜನೆಯಲ್ಲಿ ಅವಳದು ಶೂನ್ಯ ಟಿಕೆಟ್, ನನ್ನದು ದುಡ್ಡಿನ ಟಿಕೆಟ್. ಕಂಡಕ್ಟರಿಗೆ ವಿಷಯ ಹೇಳಿದೆ, ಅವರು ಆ ಮನುಷ್ಯನನ್ನು ಹಿಂದಕ್ಕೆ ಕಳಿಸಿ ಎಚ್ಚರಿಕೆ ಕೊಟ್ಟರು. ಇಳಿಯುವಾಗ ಮಗಳು ಕೇಳಿಕೊಂಡದ್ದು ಒಂದೇ: "ಸ್ಕೂಲ್ ಹತ್ರ ಪುಟ್ಟಿ ಅಂತ ಕೂಗಬೇಡ. ಹೆಸರು ಹಿಡಿದು ಕರಿ." ಅಂದಿನಿಂದ ಅವಳು ಮನೆಯಲ್ಲಿ ಪುಟ್ಟಿ, ಹೊರಗೆ ಹೆಸರು.

ಹೆಂಡತಿ ಮರಳಿ ಬಂದ ಮೇಲೆ ಜಡೆ ಅವಳ ಪಾಲಿಗೆ ಹೋಯಿತು. ಆದರೆ ಬೆಳಗಿನ ಶಾಲೆ ಇರುವ ಶನಿವಾರಗಳಂದು ಮಾತ್ರ ಮಗಳು ಬಾಚಣಿಗೆಯನ್ನು ಈಗಲೂ ನನ್ನ ಕೈಗೇ ಕೊಡುತ್ತಾಳೆ.

ನನ್ನ ವೃತ್ತಿಯ ಕಾರಣದಿಂದಲೇ ಹುಟ್ಟಿದ ಜಗಳವೂ ಒಂದಿದೆ. ಒಂಬತ್ತನೆಯ ತರಗತಿಯಲ್ಲಿ ಮಗಳ ಮುಖದಲ್ಲಿ ಮೊಡವೆಗಳೆದ್ದವು. ಗೆಳತಿಯೊಬ್ಬಳು ಹಚ್ಚಿ ನಾಲ್ಕೇ ದಿನಕ್ಕೆ ಮುಖ ಬೆಳ್ಳಗೆ ನುಣ್ಣಗೆ ಮಾಡಿಕೊಂಡ ಟ್ಯೂಬ್ ಒಂದರ ಹೆಸರನ್ನು ಅವಳು ಚೀಟಿಯಲ್ಲಿ ಬರೆದು ತಂದಳು. ನೋಡಿದೆ. ಅದು ಸ್ಟಿರಾಯ್ಡ್ ಬೆರೆತ ಮುಲಾಮು. ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ನಿಯಮವನ್ನು ಬಿಗಿ ಮಾಡಿದ್ದಾರೆ. ಮೊದಲ ಕೆಲವು ದಿನ ಮುಖ ಹೊಳೆಯುವುದು ನಿಜ. ಹಚ್ಚುತ್ತಲೇ ಹೋದರೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ ಹೆಚ್ಚುತ್ತದೆ, ಬಿಟ್ಟರೆ ಮುಖ ಉರಿಯುತ್ತದೆ, ಉರಿ ತಡೆಯಲಾರದೆ ಮತ್ತೆ ಹಚ್ಚುತ್ತಾರೆ. ಇದನ್ನೆಲ್ಲ ಹೇಳಿದೆ. "ಎಲ್ಲರ ಅಪ್ಪಂದಿರೂ ತಂದುಕೊಡ್ತಾರೆ, ಮೆಡಿಕಲ್ ಸ್ಟೋರ್ ಇಟ್ಟಿರೋ ನೀನೇ ಕೊಡಲ್ಲ" ಎಂದು ಬಾಗಿಲು ಹಾಕಿಕೊಂಡಳು. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ.

ಮೂರನೆಯ ದಿನ ಅವಳನ್ನು ಚರ್ಮರೋಗ ತಜ್ಞರ ಬಳಿ ಕರೆದುಕೊಂಡು ಹೋದೆ. ಅವರು ಬೆಂಜಾಯಿಲ್ ಪೆರಾಕ್ಸೈಡ್ ಇರುವ ಜೆಲ್ ಬರೆದುಕೊಟ್ಟು, ಫಲ ಕಾಣಲು ಕೆಲವು ವಾರಗಳೇ ಬೇಕು ಎಂದರು. ಅದಕ್ಕೆ ಬಟ್ಟೆಯ ಬಣ್ಣ ತೆಗೆಯುವ ಗುಣವಿದೆ ಎಂದು ನಾನು ಮಗಳಿಗೆ ಹೇಳಿದ್ದೆ. ತಿಂಗಳು ತುಂಬುವಷ್ಟರಲ್ಲಿ ಮನೆಯ ನೀಲಿ ದಿಂಬಿನ ಚೀಲಗಳು, ಹಸಿರು ಟವೆಲ್, ನಾನು ಅಂಗಡಿಗೆ ಹಾಕಿಕೊಂಡು ಹೋಗುವ ಕಂದು ಬಣ್ಣದ ಅಂಗಿಯ ಹೆಗಲು, ಎಲ್ಲದರ ಮೇಲೂ ಬಿಳಿ ಮಚ್ಚೆಗಳು ಮೂಡಿದವು. ಅಂಗಿಯ ಹೆಗಲಿಗೆ ಹೇಗೆ ತಾಗಿತು ಎಂದು ಹೆಂಡತಿ ಕೇಳಿದಳು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವಾಗ ಮಗಳು ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದಳು. ಆ ಅಂಗಿಯನ್ನು ನಾನು ಈಗಲೂ ಹಾಕಿಕೊಳ್ಳುತ್ತೇನೆ.

ನೋವಿನ ಮಾತ್ರೆಯ ವಿಷಯದಲ್ಲಿ ಎಲ್ಲ ಅಪ್ಪಂದಿರಿಗೂ ಒಂದು ಮಾತು ಹೇಳಲೇಬೇಕು. ಎಷ್ಟೋ ಜನ ಬಂದು "ಹೊಟ್ಟೆನೋವಿಗೆ ಮಾತ್ರೆ ಕೊಡಿ" ಎನ್ನುತ್ತಾರೆ. ಯಾರಿಗೆ ಎಂದರೆ, "ಮನೇಲಿ" ಎನ್ನುತ್ತಾರೆ. ಎಂಥ ನೋವು ಎಂದರೆ ರಸ್ತೆ ಕಡೆ ನೋಡುತ್ತಾರೆ. ಹುಳಿತೇಗಿನ ಹೊಟ್ಟೆನೋವೇ ಬೇರೆ, ಮುಟ್ಟಿನ ನೋವೇ ಬೇರೆ. ಮುಟ್ಟಿನ ಸಮಯದಲ್ಲಿ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕ ಹೆಚ್ಚಾಗಿ ಉತ್ಪತ್ತಿಯಾಗಿ ಸ್ನಾಯು ಹಿಂಡುವುದರಿಂದ ನೋವು ಬರುತ್ತದೆ, ಮೆಫೆನಮಿಕ್ ಆಸಿಡ್‌ನಂಥ ಮಾತ್ರೆ ಆ ರಾಸಾಯನಿಕವನ್ನು ತಗ್ಗಿಸುತ್ತದೆ. ಅದೇ ಮಾತ್ರೆಯನ್ನು ಹುಳಿ ಹೆಚ್ಚಾದ ಹೊಟ್ಟೆಗೆ, ಅದೂ ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಉರಿ ಇನ್ನಷ್ಟು ಹೆಚ್ಚುತ್ತದೆ. 2023ರ ನವೆಂಬರಿನಲ್ಲಿ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಈ ಔಷಧದ ಬಗ್ಗೆ ಎಚ್ಚರಿಕೆಯನ್ನೂ ಹೊರಡಿಸಿದೆ. ಅಪರೂಪಕ್ಕೆ ಕೆಲವರಲ್ಲಿ ಜ್ವರ, ಮೈಮೇಲೆ ದದ್ದು ಎದ್ದು ಒಳಗಿನ ಅಂಗಗಳಿಗೂ ತೊಂದರೆಯಾಗುವ ಗಂಭೀರ ಅಲರ್ಜಿ ಬರಬಹುದು. ಆದ್ದರಿಂದ ತಿಂಗಳು ತಿಂಗಳೂ ಮಾತ್ರೆಯಿಲ್ಲದೆ ಆಗದು ಎನ್ನುವಷ್ಟು ನೋವಿದ್ದರೆ ವೈದ್ಯರಿಗೆ ತೋರಿಸಬೇಕು. ಇದನ್ನು ಕೇಳಬೇಕಾದ ಅಪ್ಪ ‘ಮುಟ್ಟು’ ಎಂಬ ಎರಡಕ್ಷರದ ಮಾತನ್ನು ಆಡಲಾರದೆ ನಿಂತರೆ ನಷ್ಟವಾಗುವುದು ಮನೆಯಲ್ಲಿ ಬಿಸಿನೀರಿನ ಚೀಲ ಒತ್ತಿಕೊಂಡು ಮಲಗಿರುವ ಹುಡುಗಿಗೆ.

ಇಷ್ಟು ಬಲ್ಲ ನನ್ನ ಮನೆಯಲ್ಲೇ, ಒಂದು ದಿನ ಸ್ಕೇಲು ಹುಡುಕುತ್ತ ಮಗಳ ಜಾಮಿಟ್ರಿ ಬಾಕ್ಸ್ ತೆರೆದಾಗ ಕೈವಾರದ ಪಕ್ಕದಲ್ಲಿ ಆರು ನೀಲಿ ಮಾತ್ರೆಗಳು ಸಾಲಾಗಿ ಕುಳಿತಿದ್ದವು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಗಳವು. ನುಂಗಿದಂತೆ ಮಾಡಿ ಉಳಿಸಿಕೊಂಡು ಬಂದಿದ್ದಳು. ವಾಂತಿ ಬಂದಂತಾಗುತ್ತದೆ, ಕಕ್ಕಸು ಕಪ್ಪಗಾಗುತ್ತದೆ, ಹೇಳಿದರೆ ನೀನು ಬೈಯುತ್ತೀಯ ಎಂದಳು. ನಾನು ಬೈಯಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ಬಂದದ್ದನ್ನು ತೋರಿಸಿದೆ. ನಿನ್ನ ತರಗತಿಯ ಬೆಂಚಿನಲ್ಲಿ ಐವರು ಕುಳಿತರೆ ಅದರಲ್ಲಿ ಮೂವರಂತೆ ಲೆಕ್ಕ ಹಾಕು ಎಂದೆ. ಕಪ್ಪಗಾಗುವುದು ಮಾತ್ರೆಯ ಸಹಜ ಪರಿಣಾಮ, ಹೆದರಬೇಕಾಗಿಲ್ಲ. ಊಟವಾದ ಮೇಲೆ ತೆಗೆದುಕೊಂಡರೆ ವಾಕರಿಕೆ ಕಡಿಮೆ, ನಿಂಬೆಹಣ್ಣಿನ ಜೊತೆ ಚೆನ್ನಾಗಿ ಮೈಗೆ ಹತ್ತುತ್ತದೆ, ಕಾಫಿಯ ಜೊತೆ ಬೇಡ. ಅಂದಿನಿಂದ ಸೋಮವಾರದ ಡಬ್ಬಿಗೆ ಚಿತ್ರಾನ್ನವೇ ಆಗಬೇಕು ಎಂಬ ಅವಳ ಷರತ್ತಿಗೆ ಹೆಂಡತಿ ಒಪ್ಪಿದ್ದಾಳೆ.

ಈಗ ಅಂಗಡಿಯಲ್ಲಿ ಕಾಲು ಹಾಳೆಗಳ ಕಟ್ಟು ತುಂಬ ತೆಳುವಾಗಿದೆ. ಅದನ್ನು ನಾನು ಪೂರ್ತಿ ತೆಗೆದುಹಾಕಿಲ್ಲ, ಏಕೆಂದರೆ ಸುತ್ತಿಕೊಡಿ ಎಂದು ಕೇಳುವ ಹೆಣ್ಣುಮಕ್ಕಳು ಇನ್ನೂ ಇದ್ದಾರೆ. ಅವರು ಕೂತು ಹೋಗುವ ಬಸ್ಸು, ಇಳಿಯುವ ಬೀದಿ ಎಂಥದೋ ನನಗೆ ಗೊತ್ತಿಲ್ಲ. ಕೇಳದೆ ಸುತ್ತುವುದನ್ನು ಮಾತ್ರ ಬಿಟ್ಟಿದ್ದೇನೆ.

ಮಗಳು ಈಗ ಹತ್ತನೆಯ ತರಗತಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ವರ್ಷ. ಆದರೂ ಭಾನುವಾರ ಸಂಜೆ ಒಂದು ಗಂಟೆ ಪುಸ್ತಕ ಬದಿಗಿಟ್ಟು ಅಂಗಡಿಗೆ ಬಂದು ಕುಳಿತುಕೊಳ್ಳುತ್ತಾಳೆ. ಔಷಧಿಯನ್ನು ಅವಳು ಮುಟ್ಟುವಂತಿಲ್ಲ, ಅದು ನನ್ನ ಕೆಲಸ. ಸೋಪು, ಪೇಸ್ಟು, ಪ್ಯಾಡ್ ಅವಳದು. ಕಳೆದ ಭಾನುವಾರ ಬೇಕರಿಯ ಮುಂದೆ ಒಬ್ಬರು ಮೊಬೈಲ್ ನೋಡುತ್ತ ನಿಂತಿದ್ದರು. "ಅಪ್ಪ, ಅವರು ಇಲ್ಲಿಗೇ ಬರ್ತಾರೆ ನೋಡು" ಎಂದು ಮಗಳು ಮೆಲ್ಲಗೆ ಹೇಳಿದಳು. ಗಿರಾಕಿಗಳು ಖಾಲಿಯಾದ ಮೇಲೆ ಅವರು ಒಳಗೆ ಬಂದು ತಲೆನೋವಿನ ಮುಲಾಮು ಕೇಳಿದರು. ನಾನು ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟೆ. ಅವರು ಜೇಬಿನಿಂದ ಮೊಬೈಲ್ ತೆಗೆದರು, ಹುಡುಗಿ ಇರುವುದನ್ನು ನೋಡಿ ಮತ್ತೆ ಒಳಗಿಟ್ಟರು.

"ಅಂಕಲ್, ಪ್ಯಾಡ್ ಬೇಕಿತ್ತಾ? ವಿಂಗ್ಸ್ ಇರೋದಾ, ಇಲ್ದಿರೋದಾ?" ಎಂದು ಮಗಳು ಕೇಳಿದಳು.

ಅವರು ಒಂದು ಕ್ಷಣ ಸುಮ್ಮನೆ ನಿಂತರು. ಆಮೇಲೆ ಮೊಬೈಲನ್ನು ಮತ್ತೆ ಹೊರತೆಗೆದು, ಕನ್ನಡಕ ಸರಿಮಾಡಿಕೊಂಡು, ಮಗಳ ಸಂದೇಶವನ್ನು ಒಂದೊಂದೇ ಪದ ಬಿಡಿಸಿ ಜೋರಾಗಿ ಓದಿದರು. "ವಿಂಗ್ಸ್ ಇರೋದೇ ಅಂತೆ ಕಣಮ್ಮ. ಎಕ್ಸ್ ಎಲ್ ಅಂತೆ."

"ಪೇಪರಲ್ಲಿ ಸುತ್ತಿಕೊಡ್ಲಾ?"

"ಬೇಡಮ್ಮ, ಬ್ಯಾಗ್ ಇದೆ."

ಪೊಟ್ಟಣವನ್ನು ಅವರು ಚೀಲದಲ್ಲಿದ್ದ ಸೊಪ್ಪಿನ ಮೇಲೆ ಇಟ್ಟುಕೊಂಡು, ಚೀಲವನ್ನು ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿ, ಬೇಕರಿಯ ಮುಂದಿನಿಂದಲೇ ಹೊರಟುಹೋದರು. ಕೇಳಿದ ಮುಲಾಮಿನ ಡಬ್ಬಿ ಕೌಂಟರಿನ ಮೇಲೆ ಹಾಗೇ ಉಳಿದಿತ್ತು. ಮಗಳು ಅದನ್ನು ಎತ್ತಿ ಅದರ ಜಾಗದಲ್ಲಿ ಇಟ್ಟಳು.